ಬಾಡಿಗೆ ಮನೆ ಮತ್ತು ವರ್ತಕನ ಬಂಡವಾಳ: ಕೊಳ್ಳುವ ಮುನ್ನ ಒಂದು ಲೆಕ್ಕ

ಪ್ರತಿ ವರ್ಷ ದೀಪಾವಳಿ ಕಳೆಯುತ್ತಲೇ ರಾಯಚೂರಿನ ಮಾರುಕಟ್ಟೆಗೆ ಹತ್ತಿಯ ಆವಕ ಏರುತ್ತದೆ. ಸಂಕ್ರಾಂತಿ ದಾಟಿ ಯುಗಾದಿ ಸಮೀಪಿಸುವ ವೇಳೆಗೆ ಮಾಲು ಮಾರಿ, ಬಾಕಿ ವಸೂಲಾಗಿ, ವರ್ತಕನ ಕೈಯಲ್ಲಿ ನಾಲ್ಕು ಕಾಸು ಉಳಿದಿರುತ್ತದೆ. ಸರಿಯಾಗಿ ಅದೇ ವೇಳೆಗೆ ಮನೆ, ನಿವೇಶನಗಳ ದಲ್ಲಾಳಿಯೂ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. "ಸಾಹುಕಾರ್ರೇ, ರೊಕ್ಕ ಬ್ಯಾಂಕಿನಾಗ ಇಟ್ರ ಏನು ಬರ್ತದ? ಒಂದು ಮನಿ ತಗೊಂಡು ಬಾಡಿಗಿಗೆ ಬಿಡ್ರಿ, ಕೂತಲ್ಲೇ ತಿಂಗಳಾ ತಿಂಗಳಾ ಬರ್ತದ" ಎಂಬ ಮಾತು ಗಂಜಿನ ಅಂಗಡಿಗಳಲ್ಲಿ ಹೊಸದಲ್ಲ. ಚಂದ್ರಬಂಡ ಹೋಬಳಿಯ ಗೊಬ್ಬರದ ಅಂಗಡಿಯಿಂದ ಹಿಡಿದು ಮಾನ್ವಿಯ ಅಕ್ಕಿ ಗಿರಣಿ, ದೇವದುರ್ಗದ ಕಿರಾಣಿ ವರ್ತಕರವರೆಗೆ ಈ ಮಾತನ್ನು ಕೇಳದವರು ವಿರಳ.

ಮನೆ ಕೊಳ್ಳುವುದು ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಒಂದು ಕ್ವಿಂಟಲ್ ಹತ್ತಿ ಕೊಳ್ಳುವಾಗ ತೇವಾಂಶ, ಎಳೆಯ ಉದ್ದ, ಸಾಗಣೆ, ಹಮಾಲಿ, ಬಡ್ಡಿ ಎಲ್ಲವನ್ನೂ ಬೆರಳ ತುದಿಯಲ್ಲಿ ಎಣಿಸುವ ವರ್ತಕನು, ಮೂವತ್ತು ಲಕ್ಷ ರೂಪಾಯಿಯ ಮನೆ ಕೊಳ್ಳುವಾಗ ತಿಂಗಳ ಬಾಡಿಗೆಯೊಂದನ್ನೇ ಕೇಳಿ ತೃಪ್ತನಾಗುವುದು ವಿಚಿತ್ರ. ಮನೆ ಒಳ್ಳೆಯದೇ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಯಾವ ಹಣದಿಂದ ಕೊಳ್ಳಲಾಗುತ್ತಿದೆ? ಉತ್ತರ ಬಹುಮಟ್ಟಿಗೆ ಅದರಲ್ಲಿಯೇ ಅಡಗಿದೆ.

ಬಾಡಿಗೆಯಲ್ಲ, ಉಳಿಕೆ ಮುಖ್ಯ

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡವು ಮಾತ್ರ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಇವುಗಳ ಸ್ಥಾನದಲ್ಲಿ ಇಟ್ಟು ನೋಡಬೇಕು.

ರಾಯಚೂರು ನಗರದ ಹೊರಭಾಗದ ಬಡಾವಣೆಯೊಂದರಲ್ಲಿ ಮನೆಯ ಬೆಲೆ 30 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಕರ್ನಾಟಕದಲ್ಲಿ ಕ್ರಯಪತ್ರಕ್ಕೆ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿತು. ಒಟ್ಟು ಶೇ. 7.6ರಂತೆ 2,28,000 ರೂ. ಇನ್ನು ದಲ್ಲಾಳಿ, ವಕೀಲರ ಶುಲ್ಕ, ಸುಣ್ಣಬಣ್ಣ, ನೀರಿನ ಮೋಟಾರು ದುರಸ್ತಿ ಇತ್ಯಾದಿಗೆ 72,000 ರೂ. ಸೇರಿಸಿದರೆ, ಮೊದಲ ಬಾಡಿಗೆದಾರ ಬೀಗದ ಕೈ ಪಡೆಯುವ ಮುನ್ನವೇ ಹೂಡಿಕೆ 33 ಲಕ್ಷ ರೂ. ಆಗಿರುತ್ತದೆ.

ಬಾಡಿಗೆ ತಿಂಗಳಿಗೆ 10,000 ರೂ.; ವರ್ಷಕ್ಕೆ 1,20,000 ರೂ. ದಲ್ಲಾಳಿ ಇದನ್ನು 30 ಲಕ್ಷಕ್ಕೆ ಹೋಲಿಸಿ ಶೇ. 4 ಎನ್ನುತ್ತಾನೆ. ಆದರೆ ಬಾಡಿಗೆದಾರ ಬಿಟ್ಟು ಮತ್ತೊಬ್ಬ ಬರುವ ನಡುವೆ ಸರಾಸರಿ ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಇದ್ದರೆ ಕೈಗೆ ಬರುವುದು 1,10,000 ರೂ. ಅದರಲ್ಲಿ ಮನೆ ತೆರಿಗೆ 5,000, ದುರಸ್ತಿ ಮತ್ತು ಬಣ್ಣ 15,000, ಇತರ ಸಣ್ಣಪುಟ್ಟ ವೆಚ್ಚ 5,000 ರೂ. ಕಳೆದರೆ ಉಳಿಯುವುದು 85,000 ರೂ.

ಇನ್ನು ಆದಾಯ ತೆರಿಗೆ. ಬಾಡಿಗೆಯಿಂದ ಮನೆ ತೆರಿಗೆಯನ್ನು ಕಳೆದ ಮೇಲೆ ಉಳಿದ 1,05,000 ರೂ.ಗೆ ಶೇ. 30ರ ನಿಗದಿತ ಕಡಿತ ದೊರೆಯುತ್ತದೆ. ತೆರಿಗೆಗೆ ಒಳಪಡುವ ಮೊತ್ತ 73,500 ರೂ. ಶೇ. 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಶೇ. 20.8ರಂತೆ 15,288 ರೂ. ತೆರಿಗೆ. ಕೊನೆಗೆ ಉಳಿಯುವುದು 69,712 ರೂ. 33 ಲಕ್ಷದ ಮೇಲೆ ಇದು ಶೇ. 2.1 ಮಾತ್ರ. ದಲ್ಲಾಳಿಯ ಬಾಯಿಯ ಶೇ. 4 ಮಾಲೀಕನ ಕೈ ಸೇರುವ ವೇಳೆಗೆ ಅರ್ಧವಾಗಿರುತ್ತದೆ.

ಹೋಲಿಕೆ ಯಾವುದರೊಡನೆ?

ಶೇ. 2.1 ಎಂಬುದು ಕಡಿಮೆಯೋ ಹೆಚ್ಚೋ ಎಂಬುದನ್ನು ಹೋಲಿಕೆಯಿಲ್ಲದೆ ಹೇಳಲಾಗದು. ಅದೇ 33 ಲಕ್ಷವನ್ನು ಶೇ. 7ರ ಬ್ಯಾಂಕ್ ಠೇವಣಿಯಲ್ಲಿಟ್ಟರೆ ಬಡ್ಡಿ 2,31,000 ರೂ.; ತೆರಿಗೆ 48,048 ರೂ. ಕಳೆದು 1,82,952 ರೂ. ಉಳಿಯುತ್ತದೆ. ಎರಡಕ್ಕೂ ಇರುವ ಅಂತರ ವರ್ಷಕ್ಕೆ 1,13,240 ರೂ. ಈ ಅಂತರವನ್ನು ಮನೆಯ ಬೆಲೆಯ ಏರಿಕೆಯೇ ತುಂಬಿಕೊಡಬೇಕು.

ಎಷ್ಟು ಏರಬೇಕು? ಬಾಡಿಗೆಯ ಏರಿಕೆಯನ್ನೂ ಬಡ್ಡಿಯ ಮೇಲಿನ ಬಡ್ಡಿಯನ್ನೂ ಸರಳತೆಗಾಗಿ ಬದಿಗಿಟ್ಟರೆ, ಹತ್ತು ವರ್ಷದಲ್ಲಿ ಅಂತರ 11,32,400 ರೂ. ಆಗುತ್ತದೆ. ಮಾರಿದಾಗ ಬರುವ ಲಾಭದ ಮೇಲೆ ದೀರ್ಘಾವಧಿ ಬಂಡವಾಳ ಲಾಭ ತೆರಿಗೆಯೂ ಉಂಟು. 2024ರ ಜುಲೈ 23ರಿಂದ ಇದರ ದರ ಶೇ. 12.5 ಆಗಿ, ಹಣದುಬ್ಬರದ ಸೂಚ್ಯಂಕದ ಅನುಕೂಲ ತಪ್ಪಿತು. ಆ ದಿನಾಂಕಕ್ಕೆ ಮುನ್ನ ಕೊಂಡ ಸ್ವತ್ತುಗಳಿಗೆ ಮಾತ್ರ ಹಳೆಯ ಶೇ. 20ರ ಸೂಚ್ಯಂಕ ಪದ್ಧತಿಯ ಆಯ್ಕೆ ಉಳಿಯಿತು. ಇಂದು ಕೊಳ್ಳುವವನಿಗೆ ಅದು ಇಲ್ಲ. ಖರೀದಿ ವೆಚ್ಚವೆಲ್ಲ ಲೆಕ್ಕಕ್ಕೆ ಒಪ್ಪಿತವಾಯಿತೆಂದು ಭಾವಿಸಿದರೂ, ಹತ್ತು ವರ್ಷದ ನಂತರ ಆ ಮನೆ ಸುಮಾರು 46 ಲಕ್ಷ ರೂ.ಗೆ ಮಾರಾಟವಾಗಬೇಕು. ಅಂದರೆ ಬೆಲೆ ವರ್ಷಕ್ಕೆ ಸುಮಾರು ಶೇ. 4.4ರಂತೆ ಏರಬೇಕು. ಇದು ಅಸಾಧ್ಯವೇನಲ್ಲ. ಒಳ್ಳೆಯ ಜಾಗದಲ್ಲಿ ಇದಕ್ಕಿಂತ ಹೆಚ್ಚೂ ಆಗಬಹುದು. ಆದರೆ ಏರುವುದು ನೆಲದ ಬೆಲೆ, ಗೋಡೆಯದಲ್ಲ ಎಂಬುದನ್ನು ಮರೆಯಬಾರದು. ಗೋಡೆ ಪ್ರತಿ ಬೇಸಿಗೆಗೂ ಹಳತಾಗುತ್ತದೆ. ಆದುದರಿಂದ ಕಟ್ಟಡ ದೊಡ್ಡದಾಗಿ ನಿವೇಶನ ಚಿಕ್ಕದಾದಷ್ಟೂ ಬೆಲೆ ಏರಿಕೆಯ ಭರವಸೆ ಕಡಿಮೆ.

ಇಲ್ಲಿಯವರೆಗಿನದು ಕೈಯಲ್ಲಿ ನಿಜವಾಗಿಯೂ ಉಳಿತಾಯವಿರುವವನ ಲೆಕ್ಕ. ಬಹುಪಾಲು ವರ್ತಕರ ಸ್ಥಿತಿ ಹೀಗಿರುವುದಿಲ್ಲ. ಯುಗಾದಿಯ ವೇಳೆಗೆ ಖಾತೆಯಲ್ಲಿ ಕಾಣುವ ಹಣ ಲಾಭವಲ್ಲ. ಅದು ಮುಂದಿನ ಹಂಗಾಮಿಗೆ ಬೇಕಾದ ದುಡಿಯುವ ಬಂಡವಾಳ. ಅದರಿಂದ ಮನೆ ಕೊಂಡರೆ, ಅಕ್ಟೋಬರ್ ಬಂದಾಗ ಮಾಲು ಕೊಳ್ಳಲು ಕ್ಯಾಶ್ ಕ್ರೆಡಿಟ್ ಖಾತೆಯಿಂದ ಅಷ್ಟೇ ಹಣವನ್ನು ಹೆಚ್ಚಾಗಿ ಎತ್ತಬೇಕಾಗುತ್ತದೆ. ಮನೆಯನ್ನು ಸ್ವಂತ ಹಣದಿಂದ ಕೊಂಡೆನೆಂದು ಅವನು ಭಾವಿಸಿರುತ್ತಾನೆ. ವಾಸ್ತವದಲ್ಲಿ ಕೊಂಡದ್ದು ಬ್ಯಾಂಕಿನ ಸಾಲದಿಂದ.

ಆ ಸಾಲದ ಬಡ್ಡಿ ಶೇ. 10.5 ಇದ್ದರೆ, 33 ಲಕ್ಷಕ್ಕೆ ವರ್ಷಕ್ಕೆ 3,46,500 ರೂ. ವ್ಯಾಪಾರದ ವೆಚ್ಚವೆಂದು ತೋರಿಸಿ ತೆರಿಗೆ ಉಳಿಸಿದರೂ ನಿವ್ವಳ ಹೊರೆ 2,74,428 ರೂ. ಸಾಲ ತೀರಿಸಿದ್ದರೆ ಈ ಮೊತ್ತ ಯಾವ ಅಪಾಯವೂ ಇಲ್ಲದೆ ಉಳಿಯುತ್ತಿತ್ತು. ಮನೆ ಕೊಟ್ಟದ್ದು 69,712 ರೂ. ಈ ಅಂತರವನ್ನು ತುಂಬಲು ಮನೆಯ ಬೆಲೆ ಹತ್ತು ವರ್ಷ ಎಡೆಬಿಡದೆ ವರ್ಷಕ್ಕೆ ಶೇ. 6.5ರಂತೆ ಏರಬೇಕು. ಮೇಲಾಗಿ, ವ್ಯಾಪಾರಕ್ಕೆಂದು ಪಡೆದ ಸಾಲವನ್ನು ಮನೆಗೆ ತಿರುಗಿಸಿದ್ದು ಕಂಡುಬಂದರೆ ಆ ಭಾಗದ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ತೆರಿಗೆ ಅಧಿಕಾರಿ ಒಪ್ಪುವುದಿಲ್ಲ. ಬ್ಯಾಂಕೂ ಅದನ್ನು ಹಣದ ದುರ್ಬಳಕೆಯೆಂದೇ ಪರಿಗಣಿಸುತ್ತದೆ.

ಮತ್ತೊಂದು ಏಟೂ ಉಂಟು. 2023ರ ಹಣಕಾಸು ಕಾಯ್ದೆಯ ಮೂಲಕ ಬಂದ ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಗರಿಷ್ಠ 45 ದಿನದೊಳಗೆ ಪಾವತಿಸಬೇಕು. ತಡವಾದರೆ, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆ ವೆಚ್ಚಕ್ಕೆ ಕಡಿತ ದೊರೆಯುತ್ತದೆ. ಹಣ ಗೋಡೆಯಲ್ಲಿ ಸಿಕ್ಕಿಕೊಂಡ ವರ್ತಕ ಮೊದಲು ತಡಮಾಡುವುದು ಇಂಥ ಪಾವತಿಗಳನ್ನೇ. ಹೀಗೆ ಬಾಡಿಗೆಯ ಹತ್ತು ಸಾವಿರಕ್ಕಾಗಿ ಲಕ್ಷಗಟ್ಟಲೆ ಆದಾಯಕ್ಕೆ ಮುಂಗಡವಾಗಿ ತೆರಿಗೆ ತೆರಬೇಕಾದೀತು.

ಚಂದ್ರಬಂಡದ ಎರಡು ಮಳಿಗೆ

ಪೇಟೆಯ ಮನೆಯ ಲೆಕ್ಕ ಹೀಗಾದರೆ, ಹಳ್ಳಿಯಲ್ಲಿ ಪಿತ್ರಾರ್ಜಿತ ಜಾಗವುಳ್ಳವರ ಲೆಕ್ಕ ಬೇರೆ. ಚಂದ್ರಬಂಡದಂಥ ಹೋಬಳಿ ಕೇಂದ್ರದಲ್ಲಿ ರಸ್ತೆಯ ಬದಿಗೆ ಸ್ವಂತ ಜಾಗವಿರುವ ವರ್ತಕನೊಬ್ಬ 8 ಲಕ್ಷ ರೂ. ವೆಚ್ಚದಲ್ಲಿ ಎರಡು ಮಳಿಗೆ ಕಟ್ಟಿಸಿ ತಲಾ 3,000 ರೂ. ಬಾಡಿಗೆಗೆ ಕೊಡುತ್ತಾನೆಂದು ಭಾವಿಸೋಣ. ವರ್ಷದಲ್ಲಿ ಎರಡು ತಿಂಗಳು ಖಾಲಿ ಇದ್ದರೆ ಬರುವುದು 60,000 ರೂ. ಪಂಚಾಯತಿ ತೆರಿಗೆ 2,000, ದುರಸ್ತಿ 6,000, ಆದಾಯ ತೆರಿಗೆ 8,445 ರೂ. ಕಳೆದು 43,555 ರೂ. ಉಳಿದರೆ, ಅದು 8 ಲಕ್ಷದ ಮೇಲೆ ಶೇ. 5.4. ಪೇಟೆಯ ಮನೆಗಿಂತ ಎರಡೂವರೆ ಪಟ್ಟು ಮೇಲು.

ಆದರೆ ಇಲ್ಲಿ ಜಾಗದ ಬೆಲೆಯನ್ನು ಸೊನ್ನೆ ಎಂದು ಹಿಡಿಯಲಾಗಿದೆ. ಅದು 6 ಲಕ್ಷ ಬಾಳುವುದಾದರೆ, 14 ಲಕ್ಷದ ಮೇಲೆ ಪ್ರತಿಫಲ ಶೇ. 3.1ಕ್ಕೆ ಇಳಿಯುತ್ತದೆ. ಎರಡರಲ್ಲಿ ಯಾವುದು ಸರಿ? ಆ ಜಾಗವನ್ನು ಎಂದಿಗೂ ಮಾರುವುದಿಲ್ಲವೆಂಬುದು ಕುಟುಂಬದ ದೃಢ ತೀರ್ಮಾನವಾಗಿದ್ದರೆ ಮೊದಲನೆಯ ಲೆಕ್ಕ ಸರಿ. ಯೋಗ್ಯ ಬೆಲೆ ಬಂದರೆ ಮಾರುವ ಮನಸ್ಸಿದ್ದರೆ ಎರಡನೆಯದೇ ಸರಿ. ಹಿರಿಯರಿಂದ ಬಂದದ್ದೆಂಬ ಮಾತ್ರಕ್ಕೆ ಅದು ಬಿಟ್ಟಿ ಬಂಡವಾಳವಾಗದು.

ಇದಕ್ಕಿಂತ ಮುಖ್ಯವಾದುದು ಜಿ.ಎಸ್.ಟಿ. ವಾಸಕ್ಕಾಗಿ ಸಾಮಾನ್ಯ ಕುಟುಂಬಕ್ಕೆ ಕೊಟ್ಟ ಮನೆಯ ಬಾಡಿಗೆಗೆ ಈ ತೆರಿಗೆ ಇಲ್ಲ. ಮಳಿಗೆ, ಗೋದಾಮುಗಳ ಬಾಡಿಗೆಗೆ ಶೇ. 18 ಉಂಟು. ಸೇವೆಗಳಿಗೆ 20 ಲಕ್ಷ ರೂ. ವಹಿವಾಟಿನವರೆಗೆ ನೋಂದಣಿ ಬೇಡವೆಂಬ ಮಾತನ್ನು ಕೇಳಿ ಅನೇಕರು ನಿಶ್ಚಿಂತರಾಗಿರುತ್ತಾರೆ. ಆದರೆ ಆ ವಿನಾಯಿತಿ ನೋಂದಾಯಿತನಲ್ಲದ ಮಾಲೀಕನಿಗೆ ಮಾತ್ರ. ಅಂಗಡಿ ಅಥವಾ ಗಿರಣಿಗಾಗಿ ಈಗಾಗಲೇ ತನ್ನ ಪ್ಯಾನ್ ಮೇಲೆ ನೋಂದಣಿ ಪಡೆದ ವರ್ತಕ, ಅದೇ ಹೆಸರಿನಲ್ಲಿರುವ ಮಳಿಗೆಯನ್ನು ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 3,000 ರೂ. ಬಾಡಿಗೆಗೂ ತೆರಿಗೆ ವಿಧಿಸಬೇಕು. ಹಳ್ಳಿಯ ಸಣ್ಣ ಅಂಗಡಿಕಾರ ಬಾಡಿಗೆಯ ಮೇಲೆ 540 ರೂ. ಹೆಚ್ಚಿಗೆ ಕೊಡುವುದು ಕಷ್ಟಸಾಧ್ಯ. ತೆರಿಗೆ ಸೇರಿಯೇ 3,000 ಎಂದಾದರೆ ಮಾಲೀಕನಿಗೆ ಉಳಿಯುವುದು 2,542 ರೂ. ಆಗ ಶೇ. 5.4ರ ಪ್ರತಿಫಲ ಶೇ. 4.5ಕ್ಕೆ ಬರುತ್ತದೆ. ಕಟ್ಟುವ ಮುನ್ನ ಈ ಒಂದು ಪ್ರಶ್ನೆಯನ್ನು ಲೆಕ್ಕ ಪರಿಶೋಧಕರೊಡನೆ ಇತ್ಯರ್ಥಪಡಿಸಿಕೊಳ್ಳುವುದು ಅಗತ್ಯ.

ಹೋಬಳಿ ಕೇಂದ್ರದಲ್ಲಿ ಮಳಿಗೆಯ ಬದಲು ವಾಸದ ಮನೆ ಕಟ್ಟಿಸುವವರು ಬಾಡಿಗೆದಾರ ಯಾರೆಂದು ಮೊದಲು ಹೆಸರಿಸಿ ನೋಡಬೇಕು. ಶಿಕ್ಷಕರು, ಆಸ್ಪತ್ರೆಯ ಸಿಬ್ಬಂದಿ, ಬ್ಯಾಂಕ್ ನೌಕರರು ಎಂಬ ಉತ್ತರ ಸುಲಭ. ಅವರಲ್ಲಿ ಎಷ್ಟು ಜನ ಊರಿನಲ್ಲೇ ಇದ್ದಾರೆ, ಎಷ್ಟು ಜನ ಬೆಳಿಗ್ಗೆ ರಾಯಚೂರಿನಿಂದ ಬಸ್ಸಿನಲ್ಲಿ ಬಂದು ಸಂಜೆ ಮರಳುತ್ತಾರೆ ಎಂಬುದನ್ನು ಬಸ್ ನಿಲ್ದಾಣದಲ್ಲಿ ಎರಡು ದಿನ ನಿಂತು ನೋಡಿದರೆ ತಿಳಿಯುತ್ತದೆ. ರಸ್ತೆ ಸುಧಾರಿಸಿದಷ್ಟೂ ನಿವೇಶನದ ಬೆಲೆ ಏರಬಹುದು. ಬಾಡಿಗೆದಾರ ಮಾತ್ರ ದೂರವಾಗುತ್ತಾನೆ.

ಒಂದೇ ಕಾಲುವೆಯ ನೀರು

ವ್ಯಾಪಾರದ ಅಪಾಯದಿಂದ ಬೇರೆಯಾದ ಆದಾಯವೊಂದು ಬೇಕು ಎಂಬುದು ಬಾಡಿಗೆ ಮನೆಯ ಪರವಾಗಿ ಹೇಳುವ ಪ್ರಬಲ ಕಾರಣ. ಕಾರಣ ಸರಿಯಾದುದೇ. ಆದರೆ ಮಾನ್ವಿಯ ಗಿರಣಿ ಮಾಲೀಕ ಮಾನ್ವಿಯಲ್ಲಿಯೇ ನಾಲ್ಕು ಮಳಿಗೆ ಕೊಂಡರೆ ಅಪಾಯ ಬೇರೆಯಾಯಿತೇ? ಅವನ ಗಿರಣಿಗೆ ಭತ್ತ ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ. ಅವನ ಬಾಡಿಗೆದಾರನ ಬಟ್ಟೆ ಅಂಗಡಿ ನಡೆಯುವುದು ಅದೇ ಭತ್ತ ಮಾರಿದ ರೈತನ ಹಣದಿಂದ. ನಿವೇಶನ ಕೊಳ್ಳುವವನೂ ಅದೇ ನೀರನ್ನು ನಂಬಿದವನು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶವೇ ಉಸಿರು ಬಿಗಿಹಿಡಿದು ನಿಂತಿತ್ತು. ಇಂಥ ವರ್ಷಗಳಲ್ಲಿ ಗಿರಣಿ ನಿಲ್ಲುವುದೂ, ಬಾಡಿಗೆ ಬಾಕಿ ಬೀಳುವುದೂ, ಸ್ವತ್ತಿಗೆ ಗಿರಾಕಿ ಸಿಗದಿರುವುದೂ ಒಟ್ಟಿಗೇ ಆಗುತ್ತವೆ. ನಾರಾಯಣಪುರ ಬಲದಂಡೆ ಕಾಲುವೆಯನ್ನು ನಂಬಿದ ದೇವದುರ್ಗದ ವರ್ತಕನ ವಿಷಯದಲ್ಲೂ, ಹತ್ತಿಯನ್ನೇ ನಂಬಿದ ವರ್ತಕನ ವಿಷಯದಲ್ಲೂ ಇದು ಸತ್ಯ.

ಆದುದರಿಂದ ಸ್ವತ್ತು ಕೊಳ್ಳುವುದೇ ಆದರೆ, ಬಾಡಿಗೆದಾರನ ಸಂಬಳ ಮಳೆಯ ಮೇಲೆ ನಿಂತಿರದ ಜಾಗದಲ್ಲಿ ಕೊಳ್ಳುವುದು ವಿವೇಕ. ರಾಯಚೂರು ನಗರದ ಸುತ್ತ ಅಂಥ ಜಾಗಗಳಿಗೆ ಕೊರತೆಯಿಲ್ಲ. 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಯರಮರಸ್‌ನ ಎರಡು 800 ಮೆಗಾವ್ಯಾಟ್ ಘಟಕಗಳು, 2007ರಲ್ಲಿ ಆರಂಭವಾದ ರಿಮ್ಸ್ ವೈದ್ಯಕೀಯ ಕಾಲೇಜು, ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, 2019ರಲ್ಲಿ ತರಗತಿಗಳನ್ನು ಆರಂಭಿಸಿದ ಐಐಐಟಿ, ಇವುಗಳ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳ ಬಾಡಿಗೆಗೆ ಕಾಲುವೆಯ ನೀರು ಸಂಬಂಧಿಸಿದ್ದಲ್ಲ. ಆದರೆ ಇಂಥ ಸಂಸ್ಥೆಗಳು ತಮ್ಮವೇ ವಸತಿಗೃಹ, ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಂಡಾಗ ಹೊರಗಿನ ಬೇಡಿಕೆ ತಗ್ಗುವುದೆಂಬುದೂ ಲೆಕ್ಕದಲ್ಲಿರಬೇಕು.

ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ನೂರಾರು ದಿನ ನಡೆಯಿತು, ಬೇಡಿಕೆ ನ್ಯಾಯವಾದುದು. ವಿಮಾನ ನಿಲ್ದಾಣದ ನಿರೀಕ್ಷೆಯೂ ಹಾಗೆಯೇ. ಆದರೆ ನಿವೇಶನ ಮಾರುವವನು ಬೇಡಿಕೆಯನ್ನೇ ಮಂಜೂರಾತಿಯೆಂಬಂತೆ ಹೇಳಿ ಬೆಲೆ ಏರಿಸುತ್ತಾನೆ. ಬೇಡಿಕೆ, ಶಿಫಾರಸು, ಮಂಜೂರಾತಿ, ಕಟ್ಟಡ, ನೌಕರ, ಇವು ಐದು ಬೇರೆ ಬೇರೆ ಹಂತಗಳು. ಬಾಡಿಗೆ ಬರುವುದು ಐದನೆಯ ಹಂತದಲ್ಲಿ. ಬೆಲೆ ತೆರಬೇಕಾಗುವುದು ಮೊದಲನೆಯ ಹಂತದಲ್ಲಿಯೇ.

ತೆರಿಗೆಯ ಕೆಲವು ಗಂಟುಗಳು

ಸಾಲ ಮಾಡಿ ಮನೆ ಕೊಂಡರೆ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆಂಬ ನಂಬಿಕೆ ಹಳೆಯದು; ಅದು ಈಗ ಅರ್ಧ ಸತ್ಯ ಮಾತ್ರ. 2023-24ನೇ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆಯಾಗಿದೆ. ಅದರಡಿ ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. ಆದರೆ ಬಡ್ಡಿ ಬಾಡಿಗೆಯನ್ನು ಮೀರಿ ನಷ್ಟವಾದರೆ ಅದನ್ನು ವ್ಯಾಪಾರದ ಲಾಭದೊಡನೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿಯೂ ಅದರ ಮಿತಿ ವರ್ಷಕ್ಕೆ 2 ಲಕ್ಷ ರೂ. ವ್ಯಾಪಾರದ ಆದಾಯವುಳ್ಳವರು ವರ್ಷವರ್ಷವೂ ಪದ್ಧತಿಯನ್ನು ಅದಲು ಬದಲು ಮಾಡುವಂತೆಯೂ ಇಲ್ಲ.

ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷ ರೂ.ವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಇಲ್ಲವಾಗಿದೆ. ಇದರ ಒಂದು ಪರಿಣಾಮವನ್ನು ಸಣ್ಣ ವರ್ತಕರು ಗಮನಿಸಬೇಕು. ಮೇಲಿನ ಉದಾಹರಣೆಯಲ್ಲಿ ತೆರಿಗೆಯನ್ನು ತೆಗೆದುಬಿಟ್ಟರೆ ಮನೆಯ ಪ್ರತಿಫಲ ಶೇ. 2.6 ಆಗುತ್ತದೆ, ಠೇವಣಿಯದು ಪೂರ್ಣ ಶೇ. 7. ಬಾಡಿಗೆಗೆ ದೊರೆಯುವ ಶೇ. 30ರ ಕಡಿತ ಹೆಚ್ಚು ತೆರಿಗೆ ತೆರುವವನಿಗೆ ಉಪಕಾರಿ. ತೆರಿಗೆಯೇ ಇಲ್ಲದವನಿಗೆ ಅದರಿಂದ ಏನೂ ಇಲ್ಲ. ಸಿರಿವಂತ ಬಂಧುವಿಗೆ ಲಾಭವಾದ ಮನೆ ಸಣ್ಣ ವರ್ತಕನಿಗೂ ಲಾಭವೇ ಆಗಬೇಕೆಂದಿಲ್ಲ.

ವಾಸದ ಮನೆಯ ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ತೋರಿಸಿ ಸವಕಳಿ ಮತ್ತಿತರ ವೆಚ್ಚ ಕಳೆಯುವ ರೂಢಿಗೆ 2024ರ ತಿದ್ದುಪಡಿ ತೆರೆ ಎಳೆದಿದೆ. ಅದನ್ನು ಮನೆ ಆಸ್ತಿಯ ಆದಾಯವೆಂದೇ ತೋರಿಸಬೇಕು. 1961ರ ಕಾಯ್ದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಬರುವಂತೆ ಅಂಗೀಕೃತವಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಶೇ. 30ರ ಕಡಿತ ಉಳಿದಿದೆ. ಪತ್ನಿಯ ಹೆಸರಿನಲ್ಲಿ ಕೊಂಡರೆ ತೆರಿಗೆ ತಪ್ಪುತ್ತದೆಂಬುದೂ ಭ್ರಮೆ: ಹಣ ಪತಿಯದಾಗಿದ್ದರೆ ಆದಾಯವೂ ಪತಿಯದೇ. ಇನ್ನು ಬೆಲೆಯ ಒಂದು ಭಾಗವನ್ನು ನಗದಾಗಿ ಕೊಡುವ ಹಳೆಯ ಚಾಳಿ. 2015ರ ಜೂನ್ 1ರಿಂದ ಸ್ಥಿರಾಸ್ತಿಯ ಮುಂಗಡವನ್ನು 20,000 ರೂ. ಮತ್ತು ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆಯುವುದು ನಿಷಿದ್ಧ. ದಂಡ ಆ ಮೊತ್ತದಷ್ಟೇ. ಕೊಂಡವನಿಗೂ ಇದರಿಂದ ಹಾನಿಯೇ. ಕಾಗದದಲ್ಲಿ ಕಾಣದ ಹಣ ಮುಂದೆ ಮಾರುವಾಗ ಖರೀದಿ ಬೆಲೆಯಲ್ಲಿ ಸೇರುವುದಿಲ್ಲ. ಅಷ್ಟೂ ಲಾಭವೆಂದೇ ಎಣಿಕೆಯಾಗುತ್ತದೆ.

ಕಾಗದಪತ್ರ, ಕರಾರುಪತ್ರ

ಲೆಕ್ಕವೆಲ್ಲ ಸರಿಯಾಗಿದ್ದರೂ ಹಕ್ಕುಪತ್ರ ಸರಿಯಿಲ್ಲದಿದ್ದರೆ ಹೂಡಿಕೆ ಶೂನ್ಯ. ಪಂಚಾಯತಿ ವ್ಯಾಪ್ತಿಯ ಸ್ವತ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರುವುದಕ್ಕೂ, ಬರಿಯ 11ಬಿ ಇರುವುದಕ್ಕೂ ಬೆಲೆಯಲ್ಲಿಯೂ ಬ್ಯಾಂಕ್ ಸಾಲದ ಅರ್ಹತೆಯಲ್ಲಿಯೂ ಬಹಳ ಅಂತರವಿದೆ. ಭೂಪರಿವರ್ತನೆಯಾಗದ ಜಮೀನಿನಲ್ಲಿ ಗೆರೆ ಎಳೆದು ಮಾರುವ ನಿವೇಶನಗಳಿಂದ ದೂರವಿರುವುದು ಲೇಸು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸಿದೆ. 2023ರ ತಿದ್ದುಪಡಿಯ ನಂತರ ಅದನ್ನು ಮರಳಿ ಪಡೆಯುವ ಅರ್ಜಿಗೆ ಕಾಲಮಿತಿಯ ಅಡ್ಡಿಯೂ ಇಲ್ಲ. ಮೂಲ ಮಂಜೂರಾತಿಯವರೆಗೆ ಹಿಂದೆ ಹೋಗಿ ನೋಡದ ಖರೀದಿದಾರ ಮೊಮ್ಮಕ್ಕಳ ಕಾಲದಲ್ಲಿಯೂ ಜಾಗ ಕಳೆದುಕೊಳ್ಳಬಹುದು.

ಬಾಡಿಗೆ ಕರಾರನ್ನು 11 ತಿಂಗಳಿಗೆ ಬರೆಯುವುದು ರೂಢಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವೆಂಬುದೇ ಅದಕ್ಕೆ ಕಾರಣ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಅನ್ವಯವಾಗುವ ಪಟ್ಟಣಗಳಲ್ಲಿ ಒಂದು ಸೂಕ್ಷ್ಮವಿದೆ: 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ವಾಣಿಜ್ಯ ಮಳಿಗೆಗಳು ಆ ಕಾಯ್ದೆಯ ರಕ್ಷಣೆಗೆ ಒಳಪಡುತ್ತವೆ. ಮಳಿಗೆ ಚಿಕ್ಕದಾದಷ್ಟೂ ಬಾಡಿಗೆದಾರನನ್ನು ತೆರವುಗೊಳಿಸುವ ಹಾದಿ ಉದ್ದವಾಗುತ್ತದೆ. ಕಟ್ಟುವ ಮುನ್ನ ಅಳತೆ ತೀರ್ಮಾನಿಸುವಾಗ ಇದು ನೆನಪಿರಬೇಕು. ಹಾಗೆಯೇ ನೀರು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಜೀವಹಾನಿಯಾದ ಮೇಲೆ, ಬಾಡಿಗೆಗೆ ಬರುವ ಕುಟುಂಬ ಮೊದಲು ಕೇಳುವುದು ನೀರಿನ ಮೂಲವನ್ನೇ ಆದರೆ ಆಶ್ಚರ್ಯವಿಲ್ಲ.

ಹಾಗಾದರೆ ಕೊಳ್ಳುವುದೇ ಬೇಡವೇ?

ಕೊಳ್ಳಬಾರದೆಂದಲ್ಲ. ಮನೆಗೆ ಅಂಕಿಗಳಲ್ಲಿ ಕಾಣದ ಗುಣಗಳೂ ಇವೆ. ಠೇವಣಿಯನ್ನು ಹಂಗಾಮಿನ ಉಮೇದಿನಲ್ಲಿ ಒಂದು ಬೆಳಿಗ್ಗೆ ಮುರಿದು ಹತ್ತಿಗೆ ಹಾಕಿಬಿಡಬಹುದು. ಮನೆಯನ್ನು ಹಾಗೆ ಮುರಿಯಲಾಗದು. ಅಂಗಡಿಯ ಬಾಗಿಲು ಮುಚ್ಚಿದ ದಿನವೂ ಬಾಡಿಗೆ ನಿಲ್ಲುವುದಿಲ್ಲ. ಪಿಂಚಣಿಯಿಲ್ಲದ ವರ್ತಕನ ಮುಪ್ಪಿಗೆ, ಅವನ ನಂತರ ಅವನ ಪತ್ನಿಗೆ, ವ್ಯಾಪಾರ ತಿಳಿಯದವರೂ ಕಾಯ್ದುಕೊಳ್ಳಬಹುದಾದ ಆದಾಯವದು. ಆದರೆ ಈ ಗುಣವೆಲ್ಲ ಉಳಿಯುವುದು ಅದನ್ನು ಬ್ಯಾಂಕಿಗೆ ಅಡವಿಡದೆ ಇದ್ದಾಗ ಮಾತ್ರ. ಏಕಮಾಲೀಕತ್ವದ ಅಂಗಡಿಯ ಸಾಲಕ್ಕೆ ಮಾಲೀಕನ ಸ್ವಂತ ಆಸ್ತಿಯೂ ಹೊಣೆಯೆಂಬುದನ್ನು ಮರೆಯಬಾರದು. ಸಿ.ಸಿ. ಮಿತಿ ಹೆಚ್ಚಿಸಿಕೊಳ್ಳಲು ಆ ಮನೆಯ ಕಾಗದವನ್ನೇ ಬ್ಯಾಂಕಿಗೆ ಒಪ್ಪಿಸಿದ ದಿನ ಅದು ಮುಪ್ಪಿನ ಆಸರೆಯಾಗಿ ಉಳಿಯದೆ ಗೋದಾಮಿನ ಮತ್ತೊಂದು ಮೂಟೆಯಾಗಿಬಿಡುತ್ತದೆ.

ಆದುದರಿಂದ ವರ್ತಕ ಬಂಧುಗಳು ಕ್ರಮವೊಂದನ್ನು ಅನುಸರಿಸುವುದು ಹಿತ. ಮೊದಲು, ಹಂಗಾಮಿನ ತುತ್ತತುದಿಯಲ್ಲಿಯೂ ಸಿ.ಸಿ. ಖಾತೆಯನ್ನು ಅದರ ಮಿತಿಯ ಅರ್ಧದೊಳಗೆ ಇಟ್ಟುಕೊಳ್ಳಲು ಸಾಧ್ಯವಾಗಿದೆಯೇ ಎಂದು ಹಿಂದಿನ ಎರಡು ವರ್ಷಗಳ ಖಾತೆ ತೆಗೆದು ನೋಡಬೇಕು. ಇಲ್ಲವಾದರೆ ಮನೆಯ ಮಾತನ್ನು ಅಲ್ಲಿಗೇ ಬಿಟ್ಟು ಸಾಲ ತೀರಿಸಬೇಕು. ಅದಕ್ಕಿಂತ ಹೆಚ್ಚಿನ ಬಾಡಿಗೆಯನ್ನು ಯಾವ ಮನೆಯೂ ಕೊಡದು. ಎರಡನೆಯದಾಗಿ, ಒಂದು ಕೆಟ್ಟ ವರ್ಷವನ್ನು ದಾಟಿಸುವಷ್ಟು ಹಣವನ್ನು ಬೇಕೆಂದಾಗ ಸಿಗುವಂತೆ ಬೇರೆ ಇಟ್ಟಿರಬೇಕು. ಮೂರನೆಯದಾಗಿ, ಖಾಲಿ ತಿಂಗಳು, ದುರಸ್ತಿ, ತೆರಿಗೆ ಕಳೆದ ನಿವ್ವಳ ಬಾಡಿಗೆಯನ್ನು ಮುದ್ರಾಂಕವೂ ಸೇರಿದ ಪೂರ್ಣ ವೆಚ್ಚದಿಂದ ಭಾಗಿಸಿ ನೋಡಬೇಕು. ಅದು ಠೇವಣಿಯ ನಿವ್ವಳ ಪ್ರತಿಫಲದ ಅರ್ಧಕ್ಕಿಂತ ಕಡಿಮೆಯಿದ್ದರೆ, ಕೊಳ್ಳುತ್ತಿರುವುದು ಬಾಡಿಗೆಯನ್ನಲ್ಲ, ಬೆಲೆ ಏರಿಕೆಯ ಭರವಸೆಯನ್ನು ಎಂದು ತಿಳಿದಿರಬೇಕು. ಭರವಸೆ ಕೊಳ್ಳುವುದು ಅಪರಾಧವಲ್ಲ. ಅದನ್ನು ಆದಾಯವೆಂದು ಭ್ರಮಿಸುವುದು ಅಪಾಯ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ವರ್ತಕನಿಗೆ ಅದರ ಅರ್ಥ ಇಷ್ಟೇ: ನೋಡಬೇಕಾದುದು ಕೊಳ್ಳುವ ಮುನ್ನ. ಯುಗಾದಿಯ ವೇಳೆಗೆ ದಲ್ಲಾಳಿ ಮತ್ತೆ ಅಂಗಡಿಗೆ ಬರುತ್ತಾನೆ. ಅವನಿಗೆ ಕುಡಿಯಲು ಚಹಾ ಕೊಟ್ಟು, ಒಂದು ಹಾಳೆ, ಪೆನ್ನು ಮುಂದಿಟ್ಟು, ಮೇಲಿನ ಲೆಕ್ಕವನ್ನು ಅವನೆದುರಿಗೇ ಹಾಕಿ ನೋಡುವುದು ಒಳಿತು. ಲೆಕ್ಕ ಮುಗಿದ ಮೇಲೆಯೂ ಮನೆ ಕೊಳ್ಳುವಂತೆ ಕಂಡರೆ ನಿಸ್ಸಂಕೋಚವಾಗಿ ಕೊಳ್ಳಬಹುದು.